ಹಗ್ಗದ ಸಮೇತ ಬಂದ ನಾಯಿ

ಸಂತೆಯಲ್ಲಿ ಎತ್ತು ಕೊಳ್ಳುವವರಿಗೆ ನಾನು ಇಂದಿಗೂ ಹೇಳುವ ಮಾತೊಂದಿದೆ: ಬೇಕಾದ ಎತ್ತನ್ನು ನೋಡಲೇಬೇಡಿ, ಅದರ ಪಕ್ಕದ್ದನ್ನು ನೋಡಿ. ಬೇಕಾದ್ದರ ಹತ್ತಿರ ಕೊನೆಗೆ ಬನ್ನಿ, ಬಂದು ನಾಲ್ಕು ಐಬು ಹೇಳಿ. ಮಾರುವವನ ಮುಖ ಸಣ್ಣದಾದ ಮೇಲೆ ಟವೆಲಿನಡಿ ಅವನ ಕೈ ಹಿಡಿದು ಬೆರಳೊತ್ತಿಯೇ ದರ ಹೇಳಿ ವ್ಯಾಪಾರ ಮುಗಿಸಿ. ಓದು ಬರಹ ಅಷ್ಟಕ್ಕಷ್ಟೇ ಆಗಿದ್ದ ನಾನು ಕೊಟ್ಟೂರು, ಹರಪನಹಳ್ಳಿ ಸಂತೆಗಳಲ್ಲಿ ದಲ್ಲಾಳಿಯಾಗಿ ನಿಂತದ್ದು ಈ ವಿದ್ಯೆಯಿಂದಲೇ. ಅದು ಕೈಕೊಟ್ಟದ್ದು ಒಂದೇ ಕಡೆ.

ಎಪ್ಪತ್ತರ ದಶಕದ ಕೊನೆ. ಹಗರಿಬೊಮ್ಮನಹಳ್ಳಿಯಲ್ಲಿ ನಮ್ಮ ಮನೆ. ಎಮ್ಮೆಗೆ ಔಷಧ ತರಲು ದನದ ದವಾಖಾನೆಗೆ ಹೋದ ಹೆಂಡತಿ ಅಲ್ಲೊಂದು ಕಂದು ನಾಯಿ ನೋಡಿ ಬಂದಳು. ಲಾರಿ ಬಡಿದು ಕಾಲು ಮುರಿದಿದ್ದ ಅದಕ್ಕೆ ಅಲ್ಲಿಯ ಕಾಂಪೌಂಡರ್ ಬಿದಿರಿನ ದಬ್ಬೆ ಕಟ್ಟಿ ವಾಸಿ ಮಾಡಿದ್ದ. ಜನ ಬಿಟ್ಟುಹೋದ ಪ್ರಾಣಿಗಳನ್ನೆಲ್ಲ ಹಿಂದಿನ ತಗಡಿನ ಶೆಡ್ಡಿನಲ್ಲಿ ಸಾಕುತ್ತಿದ್ದ ಅವನು, ಒಳ್ಳೆಯ ಮನೆ ಸಿಕ್ಕರೆ ಕೊಡುತ್ತೇನೆಂದಿದ್ದನಂತೆ. ಕುರಿ ಸಾಕುವ ಮನೆತನದವನು, ಮೈಲಾರಲಿಂಗನ ಒಕ್ಕಲು. ಅವನಿಗೆ ನಾಯಿಯೆಂದರೆ ದೇವರ ಪರಿವಾರ.

“ನನಗ ಆ ನಾಯಿ ಬೇಕು. ನೀವು ಸಂತಿ ಸಂತಿ ತಿರುಗ್ತೀರಿ. ಮನಿಯಾಗ ನನ್ನ ಮಾತು ಕೇಳೂದು ಒಂದಾದ್ರೂ ಇರಲಿ,” ಎಂದಳು ಹೆಂಡತಿ.

“ಎಮ್ಮಿ ಐತಲ್ಲ?”

“ಎಮ್ಮಿ ಕರದ್ರ ತಿರುಗಿ ನೋಡೂದಿಲ್ಲ, ಥೇಟ್ ನಿಮ್ಹಂಗ.”

ಮರುದಿನ ಹೊಸ ಹಗ್ಗ ಹಿಡಿದು ಇಬ್ಬರೂ ಹೋದೆವು. ಮಾರಿದ ದನದ ಹಗ್ಗವನ್ನು ಮಾರಿದವನೇ ಬಿಚ್ಚಿಕೊಳ್ಳುವುದು ನಮ್ಮ ಸಂತೆಯ ಪದ್ಧತಿ. ಕೊಳ್ಳುವವನು ತನ್ನದನ್ನು ತಾನೇ ಒಯ್ಯಬೇಕು.

ಶೆಡ್ಡಿನಲ್ಲಿ ನಾನು ಮೊದಲು ಒಕ್ಕಣ್ಣಿನ ಆಡೊಂದನ್ನು ಸುತ್ತುಹಾಕಿ ನೋಡಿದೆ. ಕತ್ತೆಯೊಂದರ ಹಲ್ಲು ನೋಡಿದೆ. ಕಡೆಗೆ ನಾಯಿಯತ್ತ ಕಣ್ಣು ಹಾಯಿಸಿ, “ಇದೇನ್ರಿ, ಕುಂಟತೈತಿ. ಕಿವಿ ಹರದೈತಿ. ವಯಸ್ಸೂ ಆದಂಗೈತಿ,” ಎಂದೆ.

ಕಾಂಪೌಂಡರ್ ತಲೆಯಾಡಿಸಿದ. “ಖರೆ ಐತ್ರಿ ಯಜಮಾನ್ರ. ನಿಮಗಿದು ಒಗ್ಗೂದಿಲ್ಲ. ಬಿಡ್ರಿ.”

ಬಾಗಿಲನ್ನೂ ಎಳೆದ. ನನ್ನ ಐಬಿನ ಮಾತನ್ನು ಅದುವರೆಗೆ ಯಾರೂ ನಂಬಿರಲಿಲ್ಲ! ಗಾಬರಿಯಲ್ಲಿ ಟವೆಲ್ ಇಳಿಬಿಟ್ಟು ಅವನ ಕೈ ಹಿಡಿದೆ. ಅವನ ಬೆರಳು ಅಲುಗಲಿಲ್ಲ.

“ಕೈಗೇನಾಗೇತ್ರಿ? ಗಾಯ ಇದ್ರ ತೋರಸ್ರಿ, ದನದ ಮುಲಾಮು ಐತಿ.”

ದಾರಿ ಬದಲಿಸಿ ಹೊಗಳತೊಡಗಿದೆ. “ಕಣ್ಣು ನೋಡ್ರಿ, ಎಂಥಾ ಚುರುಕು! ಎದಿ ನೋಡ್ರಿ!”

“ಹೊಗಳೂದು ಮಾರೋರ ಕೆಲಸ. ಇವತ್ತ ಒಯ್ದು ನಾಳಿ ಗುಡೇಕೋಟಿ ಕುರಿಯವರಿಗೆ ದಾಟಿಸ್ತೀರಿ. ನಿಮ್ಮನ್ನ ಕೊಟ್ಟೂರ ಸಂತ್ಯಾಗ ನೋಡೀನ್ರಿ.”

ಎದೆ ಹೊಗಳುವಾಗ ನನ್ನ ತಲೆಗೆ ಬಂದಿದ್ದವರು ಗುಡೇಕೋಟೆ ಕುರಿಯವರೇ.

ಹೆಂಡತಿ ನನ್ನನ್ನು ಪಕ್ಕಕ್ಕೆ ಸರಿಸಿದಳು. “ನೀವಂದದ್ದು ಖರೆ, ಅಣ್ಣಾರ. ಇವ್ರು ಕೈಗೆ ಸಿಕ್ಕದ್ದೆಲ್ಲ ಮಾರ್ತಾರ. ಗ್ವಾಡಿ ಗಡಿಯಾರ ಮಾರಿದ್ರು. ಮೊನ್ನಿ ನನ್ನ ಎಬ್ಬಿಸಿ, ನಾ ಕುಂತಿದ್ದ ಮಣಿನೂ ಮಾರಿದ್ರು. ನಾಯಿ ಇವ್ರಿಗೆ ಕೊಡಬ್ಯಾಡ್ರಿ. ನನಗ ಕೊಡ್ರಿ.”

ಅವನು ಅವಳ ಕಡೆ ತಿರುಗಿದ. “ಎಲ್ಲಿ ಮಲಗಸ್ತೀಯವ್ವ?”

“ಒಳಗ, ಒಲಿ ಮಗ್ಗಲಕ.”

“ಇವ್ರು ಒಪ್ಪತಾರೇನು?”

“ಒಪ್ಪದಿದ್ರ ಇವ್ರನ್ನ ಹೊರಗ ಮಲಗಸ್ತೀನಿ.”

ಅವನು ಮೊದಲ ಸಲ ನಕ್ಕ. ನಾಯಿಯನ್ನು ಹಗ್ಗದ ಸಮೇತ ತಂದು ಅವಳ ಕೈಗೆ ಕೊಟ್ಟ. ಪದ್ಧತಿ ಬಿಡಬಾರದೆಂದು ನಾನು, “ನಿಮ್ಮ ಹಗ್ಗ ಬಿಚ್ಚಿಕೊಳ್ರಿ,” ಎಂದೆ.

“ಮಾರಿದ್ರ ಬಿಚ್ಚಿಕೋತಿದ್ದೆ. ಇದು ಹೆಣ್ಣಮಗಳಿಗೆ ತವರಿಂದ ಕೊಟ್ಟದ್ದು.”

“ತವರಿಂದ ಬಂದ ಆಕಳಾನೂ ಮಾರ್ಯಾರ, ಅಣ್ಣಾ,” ಎಂದಳು ಇವಳು.

“ಇದನ್ನ ಮಾರಿದ್ರ, ಅವ್ರ ಕೈಯಾಗ ಹೊಸಾ ಹಗ್ಗ ಐತಲ್ಲ, ಅದರಾಗ ಅವ್ರನ್ನ ಕಟ್ಟಿ ಇಲ್ಲಿ ತಂದು ಬಿಡು. ಆಡಿನ ಮಗ್ಗಲಕ ಜಾಗ ಐತಿ.”

ನಾಯಿ ತರಲು ಹೊರಟವರಿಗೆ ನನ್ನ ಸಲಹೆ: ಬಾಯಿ ಮುಚ್ಚಿಕೊಂಡು ಹೋಗಿ. ಬಜಾರದುದ್ದಕ್ಕೂ ಗುರುತಿನವರು “ಎಷ್ಟಕ್ಕ ಆತ್ರೀ?” ಎಂದು ಕೇಳಿದಾಗ ನಾನು ಹಾಗೆಯೇ ನಡೆದೆ. “ನಮ್ಮಣ್ಣ ಕೊಟ್ಟಾನ,” ಎಂದು ಮುಂದಿದ್ದವಳೇ ಉತ್ತರಿಸುತ್ತ ಹೋದಳು.

ಆ ಅಣ್ಣ ಅಂದಿನಿಂದ ತಿಂಗಳಿಗೊಮ್ಮೆ ಬರುತ್ತಿದ್ದ. ನಾಯಿ ಇದೆಯೇ ಎಂದು ಒಲೆಯ ಕಡೆ ಇಣುಕಿ, ತಂಗಿ ಮಾಡಿಕೊಟ್ಟ ಚಹಾ ಕುಡಿದು ಹೋಗುತ್ತಿದ್ದ. ನಾನು ಊರಲ್ಲಿದ್ದೇನೆಯೇ ಎಂದು ಒಮ್ಮೆಯೂ ವಿಚಾರಿಸಿದವನಲ್ಲ.