ಕಡಲೆಕಾಯಿ ಬಿಡಿಸುತ್ತ ನಡೆಸಿದ ಯುದ್ಧ

ಒಂದು ರಾಜ್ಯವನ್ನು ನಾಲ್ಕು ದಿನ ಯುದ್ಧದಲ್ಲಿ ಕುದಿಸಿದವಳು ನಾನು. ನಿಲ್ಲಿಸುವುದು ನನ್ನ ಕೈಯಲ್ಲೇ ಇತ್ತು, ನಿಲ್ಲಿಸಲಿಲ್ಲ. ನಿಲ್ಲಿಸಿದ್ದರೆ ನನ್ನ ಮರ್ಯಾದೆ ಹೋಗುತ್ತಿತ್ತು. ಇದನ್ನು ಇದುವರೆಗೆ ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ, ಈಗ ಬರೆದೇ ಬಿಡುತ್ತೇನೆ.

ಆ ವರ್ಷ ನಮ್ಮ ಗೌಡಗೆರೆ ಹೋಬಳಿಯಲ್ಲಿ ಚಿಕುನ್‌ಗುನ್ಯಾ ಒಂದು ಮನೆಯನ್ನೂ ಬಿಡದೆ ಸುತ್ತಿತು. ನನ್ನನ್ನು ಹಿಡಿದಿದ್ದು ಎಂಥ ಹೊತ್ತಿನಲ್ಲಿ ಅಂದರೆ, ನಮ್ಮ ಹೊಲದ ಕಡಲೆಕಾಯಿ ಬಿಡಿಸಿ ಮುಗಿದ ಮಾರನೇ ದಿನ. ನಮ್ಮ ಕಡೆ ಆ ಕೆಲಸಕ್ಕೆ ಮುಯ್ಯಾಳು. ನಾಲ್ಕು ಮನೆಯ ಹೆಂಗಸರು ನಮ್ಮ ಹೊಲಕ್ಕೆ ಬಂದು, ಕಿತ್ತ ಗಿಡದಿಂದ ಕಾಯಿ ಬಿಡಿಸಿ ಕೊಟ್ಟಿದ್ದರು. ಅವರ ಹೊಲದ ಗಿಡ ಕಿತ್ತಾಗ ಆ ನಾಲ್ಕೂ ಕಡೆ ನಾನು ಹೋಗಿ ಬಿಡಿಸಿಕೊಡಬೇಕು. ಕೂಲಿ ಇಲ್ಲ, ಬರೆದಿಡುವುದಿಲ್ಲ, ಆದರೆ ಯಾರೂ ಮರೆಯುವುದೂ ಇಲ್ಲ.

ಜ್ವರವೇನೋ ಮೂರು ದಿನಕ್ಕೆ ಬಿಟ್ಟಿತು. ಬೆರಳುಗಳು ಮಾತ್ರ ಊದಿಕೊಂಡು ಮಡಚಲು ಬಾರದೆ ನಿಂತವು. ಸೀರೆಯ ನೆರಿಗೆ ಹಿಡಿಯಲೂ ಮಗಳನ್ನು ಕರೆಯಬೇಕು. ಶಿರಾದ ಡಾಕ್ಟರು, ತಿಂಗಳಾಗಬಹುದು, ಎರಡಾಗಬಹುದು ಅಂದರು. ನನ್ನ ಬದಲು ಗಂಡನನ್ನು ಕಳಿಸೋಣವೆಂದರೆ, ಅವರು ಒಂದು ಗಿಡ ಬಿಡಿಸುವಷ್ಟರಲ್ಲಿ ಎರಡು ಬೀಡಿ ಮುಗಿಸುವ ಆಸಾಮಿ. ಅವರನ್ನು ಕಳಿಸಿ ಮಾನ ಕಳೆದುಕೊಳ್ಳುವುದಕ್ಕಿಂತ ನಾನೇ ಹೋಗಿ ಕಳೆದುಕೊಳ್ಳುವುದು ವಾಸಿ ಅನಿಸಿತು.

ಮೊದಲು ಪಕ್ಕದ ಮನೆಯವಳ ಹೊಲ. ಹೊಂಗೆ ಮರದ ನೆರಳಲ್ಲಿ ಸುತ್ತ ಕೂತೆವು. ನಾನು ಒಂದು ಗಿಡ ಎತ್ತಿಕೊಂಡು ಒಂದು ಕಾಯಿ ಎಳೆದೆ, ಕಣ್ಣಲ್ಲಿ ನೀರು ಬಂತು. ಎದುರಿಗೆ ಕೂತಿದ್ದ ದೊಡ್ಡಮ್ಮ ನೋಡಿದರು. ದೊಡ್ಡಮ್ಮ ಅಂದರೆ ಪುರವರದಿಂದ ನಮ್ಮೂರಿಗೆ ಸೊಸೆಯಾಗಿ ಬಂದು, ನಲವತ್ತು ವರ್ಷದಿಂದ ಊರಿನ ಹೆಂಗಸರನ್ನೆಲ್ಲ ಬೈದು ಸಾಕಿದವರು.

"ಲೇ, ಅದನ್ನ ಕೆಳಗಿಡು. ಕಾಯಿಗಿಂತ ನಿನ್ ಕಣ್ಣೀರೇ ಜಾಸ್ತಿ ಬೀಳ್ತೈತೆ," ಅಂದರು. "ಲೈಬ್ರರೀಲಿ ಐಕಳಿಗೆ ಅದೇನೋ ಕತೆ ಹೇಳ್ತೀಯಂತಲ್ಲ, ನಮಗೂ ಹೇಳು. ಅದೇ ನಿನ್ ಮುಯ್ಯಿ ಅಂದ್ಕೊಂಡ್ಬುಡ್ತೀವಿ."

ಪಂಚಾಯ್ತಿ ಲೈಬ್ರರಿ ನೋಡಿಕೊಳ್ಳುವ ನನಗೆ ಕತೆಗೇನು ಬರ. ಬಾಯಿಗೆ ಬಂದದ್ದನ್ನು ಶುರು ಮಾಡಿದೆ. ಒಂದು ರಾಜ್ಯ. ಇಬ್ಬರು ಅರಸುಮಕ್ಕಳು. ನೀರು ಕೊಡುವುದು ಮೇಲಿನ ಮೋಡ, ಅದೇ ದೇವರು ಅನ್ನುವವನು ದೊಡ್ಡವನು. ಅಲ್ಲ, ಕೆಳಗಿನ ಬಾವಿಯೇ ದೇವರು ಅನ್ನುವವನು ಚಿಕ್ಕವನು. ಮೋಡದವರು ಬಾವಿಗೆ ಮಣ್ಣು ತುಂಬಿದರು, ಬಾವಿಯವರು ಮೋಡದ ಗುಡಿಗೆ ಚಾವಣಿ ಹೊದಿಸಿ ಆಕಾಶವೇ ಕಾಣದಂತೆ ಮಾಡಿದರು. ಯುದ್ಧ ಹತ್ತಿಕೊಂಡಿತು.

ಹೊಲದಲ್ಲೂ ಹತ್ತಿಕೊಂಡಿತು. ದೊಡ್ಡಮ್ಮ ಅಲ್ಲೇ ಮೋಡದ ಪಕ್ಷ. ಪಕ್ಕದ ಮನೆಯವಳಿಗೆ ಬೋರ್‌ವೆಲ್ ಇದೆ, ಅವಳು ಬಾವಿಯ ಪಕ್ಷ. ಕ್ಯಾತಗಾನಚೆರ್ಲಿನಿಂದ ಮಗಳ ಮನೆಗೆ ಬಂದಿದ್ದ, ಮಾತಿನಲ್ಲಿ ತೆಲುಗು ಬೆರೆಸುವ ಅಜ್ಜಿಯೊಬ್ಬಳು ಬಾವಿಯ ಕಡೆಯಾದರೆ, ಪಕ್ಕದಲ್ಲೇ ಕೂತಿದ್ದ ಅವಳ ಮಗಳು ಮೋಡದ ಕಡೆ. ಈ ಅಜ್ಜಿಯನ್ನು ಯಾರೂ ಕೆಲಸಕ್ಕೆ ಕರೆದಿರಲಿಲ್ಲ. "ನಮ್ ಊರಾಗೆ ಹೊಲ ಎಲ್ಲಾ ಸೋಲಾರು ಕಂಪ್ನಿಗೆ ಇಚ್ಚೇಶಾರು, ಕೊಟ್ಬುಟ್ರು ಕಣಮ್ಮ. ಕಡ್ಲೆಗಿಡ ಮುಟ್ಟಿ ಎಷ್ಟು ದಿನ ಆತೋ," ಅಂತ ಆಸೆಯಿಂದ ಬಂದು ಕೂತಿದ್ದಳು.

ಯಾವ ಪಕ್ಷಕ್ಕೂ ಸೇರದವಳು ಒಬ್ಬಳೇ. ಅವಳ ಮನೆಯ ಬಾಗಿಲ ಮೇಲೆ ಬುದ್ಧನ ಪಟವಿದೆ, ಅದಕ್ಕೆ ಊರಲ್ಲಿ ಅದನ್ನು ಬುದ್ಧನ ಮನೆ ಅನ್ನುತ್ತಾರೆ. ನಮ್ಮಲ್ಲೆಲ್ಲ ಅವಳ ಕೈಯೇ ಚುರುಕು. ನೀನು ಯಾವ ಕಡೆ ಅಂತ ದೊಡ್ಡಮ್ಮ ಕೇಳಿದರೆ, "ನಾನು ಕಾಯಿ ಬಿಡಿಸೋ ಕಡೆ," ಅಂದು ಇನ್ನೊಂದು ಗಿಡ ಎಳೆದುಕೊಂಡಳು.

ನನ್ನ ಕಳ್ಳಾಟ ಶುರುವಾದದ್ದು ಅವತ್ತೇ. ಪಕ್ಕದ ಮನೆಯವಳ ಹೊಲದಲ್ಲಿ ಕೂತಿದ್ದೇನೆ, ಅವಳ ಪಕ್ಷ ಸೋತರೆ ಹೇಗೆ? ಸಂಜೆ ಹೊತ್ತಿಗೆ ಬಾವಿಯವರನ್ನು ಗೆಲ್ಲಿಸಿದೆ. ಮಾರನೇ ದಿನ ಅಜ್ಜಿಯ ಮಗಳ ಹೊಲ, ಮೋಡದವರನ್ನು ಗೆಲ್ಲಿಸಿದೆ. ಯಾರ ಮುಯ್ಯಿ ತೀರಿಸಬೇಕೋ ಅವತ್ತು ಅವರದೇ ಜಯ. ಕತೆ ಮುಗಿಯಲೂ ಕೂಡದು. ಮುಗಿದರೆ ಮುಂದಿನ ಹೊಲದಲ್ಲಿ ನಾನು ಬರೀ ಊದಿದ ಬೆರಳಿನ ಹೆಂಗಸು. ಹೀಗಾಗಿ ಎಲ್ಲಿ ರಾಜಿಯ ವಾಸನೆ ಬಂತೋ ಅಲ್ಲೊಬ್ಬ ಚಾಡಿಕೋರನನ್ನು ತಂದು ನಿಲ್ಲಿಸುತ್ತಿದ್ದೆ. ನನ್ನ ಬಾಯಿಗೆ ಇಷ್ಟು ಶಕ್ತಿ ಇದೆಯೆಂದು ನನಗೇ ಗೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಖುಷಿಯಾಗಿತ್ತು.

ಒಮ್ಮೆ ಬಾವಿಯ ಸೇನಾಪತಿ ತೀರಾ ಮೆರೆದಾಡಿದ. ದೊಡ್ಡಮ್ಮ ತಡೆಯಲಾರದೆ, "ಅವನಿಗೂ ಚಿಕುನ್‌ಗುನ್ಯಾ ಬರ್ಲಿ," ಅಂದುಬಿಟ್ಟರು. ಬರಿಸಿದೆ. ಸೇನಾಪತಿಗೆ ಕತ್ತಿ ಹಿಡಿಯಲು ಆಗಲಿಲ್ಲ, ಕುದುರೆ ಹತ್ತಿಸಲು ನಾಲ್ಕು ಜನ ಬೇಕಾಯಿತು. ಬಾವಿಯ ಪಕ್ಷದವರು ಇದು ಮೋಸ, ಇದು ನಡೆಯುವುದಿಲ್ಲ ಅಂತ ಗಲಾಟೆ ಎಬ್ಬಿಸಿದರು. ಅಜ್ಜಿ ಗಿಡವನ್ನೇ ನೆಲಕ್ಕೆ ಬಡಿದು, "ಚಾಲಮ್ಮ ಚಾಲು, ಸಾಕು ಮಾಡು, ನಿನ್ ಸೊಳ್ಳೆ ಮೋಡದೋರ ಕಡೆಯಾ?" ಅಂತ ಕೇಳಿದಳು. ನಕ್ಕೂ ನಕ್ಕೂ ಎಲ್ಲರಿಗೂ ಪಕ್ಕೆ ನೋವು ಬಂತು.

ಹೀಗೆ ನಗುವಾಗ, ಜಗಳವಾಡುವಾಗ ಕೈ ನಿಲ್ಲುತ್ತದೆ ಅನ್ನುವುದು ನನ್ನ ತಲೆಗೆ ಹೋಗಲೇ ಇಲ್ಲ. ಅಜ್ಜಿಯ ಮಗಳದ್ದು ಒಂದು ದಿನದ ಹೊಲ, ಎರಡು ದಿನ ಹಿಡಿಯಿತು. ದೊಡ್ಡಮ್ಮನ ಹೊಲಕ್ಕೆ ಬಂದಾಗ ನಾಲ್ಕನೇ ದಿನ. ಲೆಕ್ಕದ ಪ್ರಕಾರ ಅದು ಬುದ್ಧನ ಮನೆಯವಳ ದಿನವಾಗಬೇಕಿತ್ತು. ಅವಳದೇ ಕೊನೆಯ ಹೊಲ. ಪ್ರತಿ ವರ್ಷವೂ ಅವಳದೇ ಕೊನೆ. ಹಾಗೆಂದು ಯಾರೂ ತೀರ್ಮಾನ ಮಾಡಿರಲಿಲ್ಲ, ಯಾಕೆ ಅಂತ ಯಾರೂ ಕೇಳಿಕೊಂಡೂ ಇರಲಿಲ್ಲ.

ಅವತ್ತು ಬೆಳಗ್ಗೆಯಿಂದಲೇ ಆಕಾಶ ಮಂಕಾಗಿತ್ತು. ಮದರಾಸಿನ ಕಡೆ ಸೈಕ್ಲೋನ್ ಎದ್ದಿದೆ, ಎರಡು ದಿನ ಮಳೆ ಅಂತ ಎಲ್ಲರ ಫೋನಿಗೂ ಬಂದಿತ್ತು. ನೀರು ಕುಡಿಯಲು ಎದ್ದು ಹೋದೆ. ಬಿಂದಿಗೆಯ ಹತ್ತಿರ ಬುದ್ಧನ ಮನೆಯವಳೂ ಬಂದಳು.

"ಅಕ್ಕ, ನಮ್ಮ ಗಿಡ ಕಿತ್ತು ಮೂರು ದಿನ ಆತು. ಬಯಲಲ್ಲೇ ಬಿದ್ದವೆ, ಮುಚ್ಚಕ್ಕೆ ಒಂದು ಟಾರ್ಪಾಲೂ ಇಲ್ಲ," ಅಂದಳು. "ಮಳೆ ಬಿದ್ರೆ ಕಾಯೆಲ್ಲಾ ಮೊಳಕೆ ಬಂದ್ಬುಡ್ತವೆ. ನಿನ್ ಯುದ್ಧ ಒಸಿ ಬೇಗ ಮುಗಿಸ್ಬುಡಕ್ಕ."

ನನಗೆ ಸಿಟ್ಟು ಬಂತು. "ನಾನೇನು ಅವರ ಕೈ ಕಟ್ಟಿ ಹಾಕಿದೀನಾ?" ಅಂದೆ.

"ಇಲ್ಲ. ಕೈ ಕಟ್ಟಿಲ್ಲ," ಅಂದಳು. ಲೋಟ ತೊಳೆದು ಬೋರಲು ಹಾಕಿ ಹೋಗಿ ಕೂತಳು.

ತಿರುಗಿ ನೋಡಿದೆ. ದೊಡ್ಡಮ್ಮ ಗಿಡವನ್ನು ಕತ್ತಿಯಂತೆ ಹಿಡಿದು ಅಜ್ಜಿಗೆ ಏನೋ ಹೇಳುತ್ತಿದ್ದರು. ಅಜ್ಜಿ ಎರಡು ಕೈಯನ್ನೂ ಬೀಸಿ ಉತ್ತರ ಕೊಡುತ್ತಿದ್ದಳು. ಪಕ್ಕದ ಮನೆಯವಳು ಕಾಯಿಯನ್ನು ಮುಟ್ಟದೆ ಇಬ್ಬರ ಮುಖವನ್ನೂ ಬದಲಿಸಿ ಬದಲಿಸಿ ನೋಡುತ್ತಿದ್ದಳು. ಕೆಲಸ ಮಾಡುತ್ತಿದ್ದದ್ದು ಒಂದೇ ಜೊತೆ ಕೈ. ಅದು ಅವಳದು, ಇನ್ನೊಬ್ಬರ ಕಾಯಿ ಬಿಡಿಸುತ್ತಿತ್ತು. ನನಗೆ ನಾಚಿಕೆಯಾಯಿತು, ನಾಚಿಕೆಗಿಂತ ಹೆಚ್ಚಾಗಿ ಹೆದರಿಕೆಯಾಯಿತು. ದೊಡ್ಡಮ್ಮನ ಹೊಲದಲ್ಲಿ ಕೂತು, ಅವರ ಮೋಡದವರನ್ನು ಗೆಲ್ಲಿಸದೆ ರಾಜಿ ಮಾಡಿಸುವುದು ಹುಡುಗಾಟವಲ್ಲ.

ಆದರೂ ಕೂತ ತಕ್ಷಣ ಅಣ್ಣತಮ್ಮಂದಿರನ್ನು ರಣರಂಗದ ನಡುವೆ ತಂದು ನಿಲ್ಲಿಸಿದೆ. ಇಬ್ಬರೂ ದಣಿದಿದ್ದಾರೆ, ಯುದ್ಧ ಸಾಕು ಅನ್ನುತ್ತಾರೆ, ಆದರೆ ಸೋತೆ ಅನ್ನಲು ಇಬ್ಬರೂ ತಯಾರಿಲ್ಲ ಅಂದೆ. ಮುಂದೆ ಏನು ಮಾಡಿಸಬೇಕೋ ನನಗೆ ತಿಳಿಯಲಿಲ್ಲ. "ನೀವೇ ಹೇಳಿ ದೊಡ್ಡಮ್ಮ, ಹೆಂಗೆ ರಾಜಿ ಮಾಡ್ಸಾಣ?" ಅಂದೆ.

ಮೋಡದವರು ಸೋಲಲಿಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆ ದೊಡ್ಡಮ್ಮ ಪಂಚಾಯ್ತಿಗೆ ಕೂತವರ ಹಾಗೆ ಸೆರಗು ಸರಿಮಾಡಿಕೊಂಡರು. "ಮುಯ್ಯಿ ಆಗ್ಬೇಕು," ಅಂದರು. "ಎಷ್ಟು ದಿನ ಬಡಿದಾಡವ್ರೋ ಅಷ್ಟು ದಿನ ಇವರ ಹೊಲ್ದಾಗೆ ಅವ್ರು, ಅವರ ಹೊಲ್ದಾಗೆ ಇವ್ರು ಗೇಯಲಿ. ಸೇನಾಪತಿನೂ ಗೇಯಲಿ, ಬೆರಳು ನೋವು ಅಂತ ಕತೆ ಹೇಳ್ಕೊಂಡು ಕೂರಂಗಿಲ್ಲ."

ಎಲ್ಲರೂ ನನ್ನ ಕಡೆ ನೋಡಿ ನಕ್ಕರು. ನಾನೂ ನಕ್ಕೆ, ಬೇರೆ ದಾರಿ ಇರಲಿಲ್ಲ. ಬಾವಿಯ ಪಕ್ಷವೂ ಒಪ್ಪಿತು.

ಅಜ್ಜಿಗೆ ಒಂದು ಅನುಮಾನ ಉಳಿದಿತ್ತು. "ಅದು ಸರೇ. ಫಸ್ಟು ಯಾರ ಹೊಲಕ್ಕೆ ಹೋಗ್ತಾರೆ?"

"ಅದನ್ನೂ ಕೇಳ್ಬೇಕಾ," ಅಂದರು ದೊಡ್ಡಮ್ಮ. "ಯಾರ ಬೆಳೆ ನೆನೆದು ಹಾಳಾಗ್ತೈತೋ ಅವರದ್ದು ಫಸ್ಟು."

ಅಂದವರ ಕೈಯಲ್ಲಿದ್ದ ಗಿಡ ಕೈಯಲ್ಲೇ ಉಳಿಯಿತು. ತಲೆ ಎತ್ತಿ ಮೂಡಲ ಕಡೆಯ ಆಕಾಶ ನೋಡಿದರು, ಆಮೇಲೆ ಬುದ್ಧನ ಮನೆಯವಳನ್ನು ನೋಡಿದರು. ಅವಳು ತಲೆ ಎತ್ತಲಿಲ್ಲ, ಬಿಡಿಸುತ್ತಲೇ ಇದ್ದಳು.

ದೊಡ್ಡಮ್ಮ ಮಂಡಿಯ ಮೇಲೆ ಕೈಯೂರಿ ಎದ್ದರು. "ಏಳ್ರಿ. ನಂದು ಅರ್ಧ ಆಗೈತೆ, ಉಳಿದಿದ್ದನ್ನ ಟಾರ್ಪಾಲು ಹಾಕಿ ಮುಚ್ಬುಡಾಣ. ನಡೀರಿ ಇವಳ ಹೊಲಕ್ಕೆ." ನನ್ನ ಮುಂದೆ ಹಾದು ಹೋಗುವಾಗ ಗೊಣಗಿದರು, "ಇದಕ್ಕೇ ಅಲ್ವೇನೇ ನೀನು ನಾಲ್ಕು ದಿನದಿಂದ ಸುತ್ತಿ ಬಳಸಿ ತಂದಿದ್ದು." ನಾನು ಅಷ್ಟು ಬುದ್ಧಿವಂತೆಯಲ್ಲ. ಆದರೆ ಅಲ್ಲಗಳೆಯಲೂ ಇಲ್ಲ.

ಅವಳ ಹೊಲದಲ್ಲಿ ಯಾರೂ ಕತೆ ಕೇಳಲಿಲ್ಲ. ಐದು ಜೊತೆ ಕೈ ಬಿರುಸಾಗಿ ಓಡಿದವು. ನಾನು ಮೊಣಕೈಯಲ್ಲಿ ಗಿಡ ತಬ್ಬಿ ತಂದು ಅವರ ಮುಂದೆ ಹಾಕಿದೆ, ನೀರು ಕೊಟ್ಟೆ, ಉಳಿದಂತೆ ಮೂಟೆಯ ಹಾಗೆ ಕೂತಿದ್ದೆ. ಹೊತ್ತು ಮುಳುಗುವಷ್ಟರಲ್ಲಿ ಕೊನೆಯ ಚೀಲದ ಬಾಯಿ ಹೊಲಿದಾಗಿತ್ತು. ಮಳೆ ಬೆಳಗಿನ ಜಾವಕ್ಕೆ ಹಿಡಿದು ಎರಡು ದಿನ ಹೊಡೆಯಿತು. ದೊಡ್ಡಮ್ಮನ ಟಾರ್ಪಾಲಿನ ಒಂದು ಮೂಲೆ ಹಾರಿ ಒಂದಿಷ್ಟು ಕಾಯಿ ಮೊಳಕೆ ಬಂದವು. ಈಗಲೂ ನನ್ನನ್ನು ಕಂಡಾಗಲೆಲ್ಲ, ಆ ಇಬ್ಬರು ಅರಸುಮಕ್ಕಳಿಂದ ನನ್ನ ಕಾಯಿ ಹಾಳಾಯ್ತು ಅಂತ ಬೈಯುತ್ತಾರೆ. ಬೈದ ಮೇಲೆ ಕೂರಿಸಿ ಕಾಫಿ ಕೊಡುತ್ತಾರೆ.

ಮಳೆ ನಿಂತ ಮೇಲೆ ಬುದ್ಧನ ಮನೆಗೆ ಹೋದೆ. ಅಂಗಳದಲ್ಲಿ ಅವಳು ಕಾಯಿ ಹರವುತ್ತಿದ್ದಳು.

"ಎಲ್ಲರ ಮುಯ್ಯಿನೂ ಬಾಯಲ್ಲೇ ತೀರಿಸ್ಬುಟ್ಟೆ ಕಣಮ್ಮ. ನಿಂದೊಂದು ಉಳ್ಕಂತು," ಅಂದೆ.

"ಉಳ್ಕಳ್ಳಿ ಬುಡಕ್ಕ," ಅಂದಳು ನಗುತ್ತ. "ಉಳಿದಿದ್ರೆ ತಾನೆ ಬರೋ ವರ್ಷ ನೀನು ನಮ್ಮ ಹೊಲಕ್ಕೆ ಬರೋದು."

ತಮಾಷೆಗೇ ಅಂದಳು. ನಾನು ನಗಲು ಹೋಗಿ ನೆನಪು ಮಾಡಿಕೊಂಡೆ. ಒಂಬತ್ತು ವರ್ಷದಿಂದ ಅವಳು ಒಂದು ಸಲವೂ ತಪ್ಪದೆ ನಮ್ಮ ಹೊಲಕ್ಕೆ ಬಂದಿದ್ದಾಳೆ. ಅವಳ ಸರದಿ ಬರುವ ಹೊತ್ತಿಗೆ ನನಗೆ ಒಮ್ಮೆ ಲೈಬ್ರರಿ, ಒಮ್ಮೆ ನೆಂಟರು, ಒಮ್ಮೆ ಮಂಡಿ ನೋವು. ಬೆರಳು ನೆಟ್ಟಗಿದ್ದ ಅಷ್ಟೂ ವರ್ಷಗಳಲ್ಲಿ ನಾನು ಅವಳ ಹೊಲಕ್ಕೆ ಹೋದದ್ದು ಎರಡೇ ಸಲ.