ಟೈಲರನ ಸ್ವಂತ ಅಳತೆ

ದೀಪದ ಬುಡದಲ್ಲೇ ಕತ್ತಲು. ಊರಿನವರ ಸೊಂಟದಳತೆಯೆಲ್ಲ ಬಾಯಿಪಾಠವಿದ್ದ ಟೈಲರ್ ತನ್ನ ಸೊಂಟಕ್ಕೆ ಟೇಪು ಹಿಡಿದವನೇ ಅಲ್ಲ. ಪ್ಯಾಂಟು ಬಿಗಿಯಾದಾಗಲೆಲ್ಲ ಹಿಂದಿನ ಹೊಲಿಗೆ ಬಿಚ್ಚಿ, ಒಳಗೆ ಮಡಚಿಟ್ಟ ಬಟ್ಟೆಯಲ್ಲಿ ಒಂದು ಬೆರಳಷ್ಟು ಸಡಿಲಿಸಿಕೊಳ್ಳುತ್ತಿದ್ದ. ತೋಳುಗಳು ಮಾತ್ರ ಸೊರಗಿ ಕಡ್ಡಿಯಾಗುತ್ತಿದ್ದವು. ಹೊಟ್ಟೆ ನೋವೆದ್ದರೆ ಮಿಷನ್ನಿನ ಅಂಚಿಗೆ ಒತ್ತಿಕೊಂಡೇ ಹೊಲಿಯುತ್ತಿದ್ದ. ಹೆಂಡತಿ ಕೇಳಿದರೆ, "ಗ್ಯಾಸು ಕಣೇ" ಎನ್ನುತ್ತಿದ್ದ.

ಕೊನೆಗೆ ಅವಳೇ ಆಸ್ಪತ್ರೆಗೆ ಎಳೆದೊಯ್ದಳು.

"ಕ್ಯಾನ್ಸರ್ ಅಲ್ಲ, ಅಪರೂಪದ ನೀರುಗಡ್ಡೆ. ಆದ್ರೆ ಕರುಳನ್ನ ಒತ್ತಿಬಿಟ್ಟಿದೆ," ಎಂದರು ಸ್ಕ್ಯಾನ್ ನೋಡಿದ ಡಾಕ್ಟರಮ್ಮ. "ಯಾವಾಗಿಂದ ಬೆಳೀತಿದೆ?"

ಅವನು ಗೊತ್ತಿಲ್ಲವೆಂದು ತಲೆಯಾಡಿಸಿದ. ಹೆಂಡತಿ ಅವನು ಕಳಚಿಟ್ಟ ಪ್ಯಾಂಟನ್ನು ಒಳಮಗ್ಗುಲು ತಿರುಗಿಸಿ, ಸೂಜಿತೂತಿನ ನಾಲ್ಕು ಸಾಲು ತೋರಿಸಿದಳು.

"ಮೊದಲನೇದು ಹೋದ ವರ್ಷ ಮಗಳ ಮದುವೆಗೆ ಮುಂಚೆ ಬಿಚ್ಚಿದ್ದು, ಡಾಕ್ಟ್ರೇ. ಈ ಕೊನೇದು ಹೋದ ವಾರ."

ಡಾಕ್ಟರಮ್ಮ ಕೊನೆಯ ಸಾಲಿನ ಮೇಲೆ ಬೆರಳಾಡಿಸಿದರು. ಅದರಾಚೆ ಬಿಚ್ಚಲು ಬಟ್ಟೆಯೇ ಉಳಿದಿರಲಿಲ್ಲ.