ಅಳಿಸುವ ಮುಂಚೆ ಉಳಿಸುವ ಅಂದಾನಿ

ಚೆನ್ನೈನ ಮೈಲಾಪೂರಿನ ಹಳೆಯ ಫ್ಲಾಟಿಗೆ ಇನ್ನೂ ಪೇಪರ್ ಬಂದಿಲ್ಲ. ರಿಪೇರಿ ಮಾಡುವ ಅಂದಾನಿ ಆಗಲೇ ಕಂಪ್ಯೂಟರಿನ ಪಕ್ಕದಲ್ಲಿ ಕೂತಿದ್ದಾರೆ. ವಾರದಿಂದ ನಡುನಡುವೆ ನಿಂತುಹೋಗುತ್ತಿರುವ ಯಂತ್ರವನ್ನು ಇವತ್ತು ಪೂರ್ತಿ ಅಳಿಸಿ, ಹೊಸದಾಗಿ ಆಪರೇಟಿಂಗ್ ಸಿಸ್ಟಮ್ ಹಾಕಬೇಕು. ಮನೆಯೊಡತಿ ಜಯಲಕ್ಷ್ಮೀ ಅವರ ಕೈಯಲ್ಲಿ ಕಾಫಿ ಲೋಟ ಆರುತ್ತಿದೆ.

ಅವರ ದಿಗಿಲಿಗೆ ಕಾರಣವಿದೆ. ಮದರಾಸಿನಲ್ಲೇ ಹುಟ್ಟಿ ಬೆಳೆದ ಅವರದು ತಮಿಳು–ಕನ್ನಡ ಅನುವಾದದ ಕೆಲಸ. ಕಣ್ಣು ಮಂಜು, ಕಪ್ಪು ಪರದೆಯಲ್ಲಿ ಹಳದಿಯ ದಪ್ಪ ಅಕ್ಷರವಿದ್ದರೆ ಮಾತ್ರ ಓದಬಲ್ಲರು. ಹಿಂದೊಮ್ಮೆ ಬೇರೊಬ್ಬ ರಿಪೇರಿಯವನು ಮೇಲ್‌ಗಳನ್ನಷ್ಟೇ ಉಳಿಸಿ, ಈ ಹೊಂದಾಣಿಕೆಗಳನ್ನೆಲ್ಲ ಅಳಿಸಿ, ಫಳಫಳ ಹೊಳೆಯುವ ಬಿಳಿ ಪರದೆ ಕೊಟ್ಟುಹೋದ. ನೆಗಡಿ ಬಂತೆಂದು ಮೂಗು ಕೊಯ್ದ ಹಾಗಾಯಿತು. ಕೆಲಸ ನಿಂತಿತು, ಕೊಡುತ್ತಿದ್ದವರು ಬೇರೆಯವರನ್ನು ಹುಡುಕಿಕೊಂಡರು.

"ಮೇಲ್ ಎಲ್ಲಾ ಭದ್ರವಾ ಇದೆ ಮಾಮಿ ಅಂದ. ಇದ್ದು ಏನು ಪ್ರಯೋಜನ, ನನಗೆ ಕಾಣಬೇಕಲ್ಲವಾ?" ಎನ್ನುತ್ತಾರೆ ಜಯಲಕ್ಷ್ಮೀ.

ಕೊಳ್ಳೇಗಾಲದ ಕಡೆಯ ಅಂದಾನಿ ಚೆನ್ನೈಗೆ ಬಂದದ್ದು ಕಂಪ್ಯೂಟರ್ ಅಂಗಡಿಯಲ್ಲಿ ಡಬ್ಬ ಹೊರಲು. ರಿಪೇರಿ, ನೋಡಿ ನೋಡಿ ಕಲಿತದ್ದು. ಹತ್ತು ಗಂಟೆಗೆ ಪುರಸೈವಾಕ್ಕಂನ ಅಂಗಡಿ ಸೇರಬೇಕು. ಅಷ್ಟರೊಳಗೆ ದಿನಕ್ಕೊಂದು ಮನೆ, ಕೆಲವೊಮ್ಮೆ ಎರಡು. ಲಿಫ್ಟಿಲ್ಲದ ಮೆಟ್ಟಿಲು ಹತ್ತಿ ಮಂಡಿ ಸವೆದಿದೆ. ಎಷ್ಟೋ ಮನೆಗಳಲ್ಲಿ ಅವರ ಹೆಸರೇ ಗೊತ್ತಿಲ್ಲ, ಬರೀ 'ಕಂಪ್ಯೂಟರಿನವರು'. ಅವರಿಗಿಲ್ಲದ ಬೇಸರ ನೋಡುವವರಿಗಾಗುತ್ತದೆ.

ಅವರದೊಂದು ಪದ್ಧತಿಯಿದೆ. ಯಂತ್ರ ಮುಟ್ಟುವ ಮೊದಲು ಯಜಮಾನರನ್ನೇ ಕೂರಿಸುತ್ತಾರೆ. "ನೀವು ದಿನಾ ಮಾಡೋ ಹಂಗೇ ಮಾಡಿ, ನಾನ್ ನೋಡ್ತಿರ್ತೀನಿ." ಜಯಲಕ್ಷ್ಮೀಯವರ ಕೈ ಯಾವ ಮೂಲೆಗೆ ತಾನಾಗಿ ಹೋಗುತ್ತದೆ, ಪರದೆಯ ಮೇಲಿನ ಬಾಣದ ಗುರುತು ಎಷ್ಟು ದೊಡ್ಡದಿದೆ ಎಂದು ಗಮನಿಸಿ ಫೋನಿನಲ್ಲಿ ಫೋಟೋ ಹಿಡಿಯುತ್ತಾರೆ. ಆಮೇಲೆ ಮೇಲ್‌ಗಳು, ವಿಳಾಸಗಳು, ಸೆಟ್ಟಿಂಗ್‌ಗಳು ಬೇರೆ ಡಿಸ್ಕಿಗೆ ಹೋಗುತ್ತವೆ. ಅಲ್ಲಿಗೂ ಸಮಾಧಾನವಿಲ್ಲ, ಆ ಡಿಸ್ಕನ್ನು ತಮ್ಮ ಲ್ಯಾಪ್‌ಟಾಪಿಗೆ ಸಿಕ್ಕಿಸಿ ಒಂದೊಂದನ್ನೂ ತೆರೆಯುತ್ತಾರೆ.

ಇವತ್ತು ವಿಳಾಸಗಳ ಕಡತ ತೆರೆಯಲಿಲ್ಲ. ಅಂದಾನಿ ಗಾಬರಿಯಾಗದೆ ಮತ್ತೆ ನಕಲು ಮಾಡುತ್ತಾರೆ, ಮತ್ತೆ ತೆರೆಯುತ್ತಾರೆ. ಈ ಸಲ ಎಲ್ಲ ಹೆಸರುಗಳೂ ಕಾಣುತ್ತವೆ.

"ಕಾಪಿ ಆಯ್ತು ಅಂತ ಕಂಪ್ಯೂಟ್ರು ಹೇಳ್ಬುಟ್ರೆ ನಂಬ್ಬುಡೋದಾ? ತಗ್ದು ನೋಡ್ಬೇಕು ಕಣಮ್ಮ. ಅಳಿಸಿದ್ ಮೇಲೆ ಅತ್ರೆ ಬರಲ್ಲ."

ಅಳಿಸುವುದನ್ನು ನೋಡಲಾರದೆ ಜಯಲಕ್ಷ್ಮೀ ಒಳಗೆ ಹೋಗುತ್ತಾರೆ. ಅಡುಗೆಮನೆಯಲ್ಲಿ ಪಾತ್ರೆಗಳು ಬೇಕಿಲ್ಲದಷ್ಟು ಸದ್ದು ಮಾಡುತ್ತವೆ.

ಒಗ್ಗರಣೆಯ ವಾಸನೆ ಬರುವ ಹೊತ್ತಿಗೆ ಅಂದಾನಿ ಹೊಸ ಸಿಸ್ಟಮ್ ಹಾಕಿ, ಉಳಿಸಿದ್ದನ್ನೆಲ್ಲ ಫೋಟೋ ನೋಡಿ ಇದ್ದ ಜಾಗಕ್ಕೇ ಇಟ್ಟು ಕುರ್ಚಿ ಬಿಟ್ಟುಕೊಡುತ್ತಾರೆ. ಜಯಲಕ್ಷ್ಮೀ ಅಳುಕುತ್ತಲೇ ಕೂರುತ್ತಾರೆ. ಕೈ ತಾನಾಗಿ ಎಡಮೂಲೆಗೆ ಹೋಗುತ್ತದೆ, ಮೇಲ್ ತೆರೆಯುತ್ತದೆ, ಹಳದಿ ಅಕ್ಷರದಲ್ಲಿ ಪತ್ರದ ಮೊದಲ ಸಾಲನ್ನು ತಡವರಿಸದೆ ಓದುತ್ತಾರೆ. ಆಮೇಲೆ ತಿರುಗಿ ನೋಡುತ್ತಾರೆ.

"ಏನಪ್ಪಾ ಅಂದಾನಿ, ಇನ್ನೂ ಶುರುವೇ ಮಾಡಲಿಲ್ಲವಾ?"

ಅಂದಾನಿ ಚೀಲದ ಜಿಪ್ ಎಳೆಯುತ್ತಾ ನಗುತ್ತಾರೆ. "ಈ ಮಾತು ಕೇಳಕ್ಕೇ ಕಣಮ್ಮ ನಾನ್ ಬರೋದು."